ಮಿಲ್ಟನ್ ಕವಿಯ ಸೈತಾನ: ಗರ್ವ, ಪತನ ಮತ್ತು ಅಂತರಂಗದ ಯುದ್ಧ

೧

ಆಂಗ್ಲ ಸಾಹಿತ್ಯದ ಪರಿಚಯವುಳ್ಳ ಕನ್ನಡಿಗನು ಮಿಲ್ಟನ್ ಮಹಾಕವಿಯ ‘ಪ್ಯಾರಡೈಸ್ ಲಾಸ್ಟ್’ ಕಾವ್ಯವನ್ನು ಕೈಗೆತ್ತಿಕೊಂಡಾಗ ಅವನ ಮನಸ್ಸು ತಾನಾಗಿಯೇ ರನ್ನನ ‘ಗದಾಯುದ್ಧ’ದ ಕಡೆಗೆ ಹೊರಳುತ್ತದೆ. ಬೆಂಕಿಯ ಮಡುವಿನಿಂದ ಮೇಲೆದ್ದು, ಮೈಮರೆತು ಬಿದ್ದಿರುವ ತನ್ನ ಪಡೆಯನ್ನು ಎಚ್ಚರಿಸುವ ಸೈತಾನನನ್ನು ಕಂಡೊಡನೆ, ಭೀಮನ ಗರ್ಜನೆಯನ್ನು ಸೈರಿಸಲಾರದೆ ವೈಶಂಪಾಯನ ಸರೋವರದಿಂದ ಎದ್ದುಬರುವ ದುರ್ಯೋಧನನು ನೆನಪಾಗುತ್ತಾನೆ. ಇಬ್ಬರೂ ಸೋತವರು, ಇಬ್ಬರೂ ಸೋಲನ್ನು ಒಪ್ಪದವರು, ಇಬ್ಬರ ಮಾತಿನಲ್ಲಿಯೂ ಕವಿಯು ತನ್ನ ವಾಕ್‌ಶಕ್ತಿಯ ಸಾರವನ್ನೇ ತುಂಬಿದ್ದಾನೆ.

ಈ ಹೋಲಿಕೆ ಸುಳ್ಳಲ್ಲ. ಆದರೆ ಅದರಲ್ಲಿ ಒಂದು ಅಪಾಯವಿದೆ. ನಮ್ಮ ನುಡಿಯಲ್ಲಿ ‘ಛಲ’ವೆಂಬುದು ಅರ್ಧ ಗುಣ, ಅರ್ಧ ದೋಷ. ‘ಅಭಿಮಾನ’ವಂತೂ ಬಹುಮಟ್ಟಿಗೆ ಗುಣವೇ, ನಾಡಿನಿಂದ ದೂರವಿದ್ದು ನುಡಿಯನ್ನು ಕಾಪಾಡಿಕೊಂಡು ಬಂದ ನಮ್ಮಂಥವರಿಗೆ ಅದು ಬಾಳಿನ ಊರೆಗೋಲೂ ಹೌದು. ಗರ್ವ, ದರ್ಪ, ಮದ, ಅಹಂಕಾರ ಎಂಬಿವು ಬೇರೆ ಬೇರೆ ಅರ್ಥಚ್ಛಾಯೆಯುಳ್ಳ ಶಬ್ದಗಳು. ಇಂಗ್ಲಿಷಿನ ‘ಪ್ರೈಡ್’ ಎಂಬ ಒಂದೇ ಮಾತು ಇವೆಲ್ಲದರ ಹೊರೆಯನ್ನೂ ಹೊತ್ತುಕೊಂಡಿದೆ. ಆದುದರಿಂದ ಸೈತಾನನ ‘ಪ್ರೈಡ್’ ಅನ್ನು ನಾವು ಛಲವೆಂದೋ ಅಭಿಮಾನವೆಂದೋ ಓದಿಕೊಂಡು ಅವನನ್ನು ದುರಂತನಾಯಕರ ಸಾಲಿನಲ್ಲಿ ಕುಳ್ಳಿರಿಸಿಬಿಡುತ್ತೇವೆ. ಕ್ರೈಸ್ತ ಧರ್ಮಚಿಂತಕರು ಯಾವುದನ್ನು ಗರ್ವವೆಂದು ಕರೆದರು, ಮಿಲ್ಟನ್ನನು ಅದನ್ನು ಹೇಗೆ ಚಿತ್ರಿಸಿದನು, ನಮ್ಮ ಅಳತೆಗೋಲು ಅಲ್ಲಿ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೨

ಬಿದ್ದ ದೇವದೂತನ ಕಥೆ ಬೈಬಲಿನಲ್ಲಿ ಒಂದೇ ಎಡೆಯಲ್ಲಿ ಇಡಿಯಾಗಿ ದೊರೆಯುವುದಿಲ್ಲ. ಆದಿಕಾಂಡದ ಸರ್ಪವನ್ನು ಅಲ್ಲಿ ಯಾರೂ ಸೈತಾನನೆಂದು ಹೆಸರಿಸುವುದಿಲ್ಲ. ಯೋಬನ ಗ್ರಂಥದಲ್ಲಿ ಸೈತಾನನು ದೇವರ ಸಭೆಯಲ್ಲಿಯೇ ನಿಂತು ಮನುಷ್ಯನ ಮೇಲೆ ದೂರು ಹೇಳುವವನು. ಯೆಶಾಯನ ೧೪ನೆಯ ಅಧ್ಯಾಯದಲ್ಲಿ ಆಕಾಶದಿಂದ ಬಿದ್ದ ಬೆಳ್ಳಿಚುಕ್ಕಿಯ ಪ್ರಸ್ತಾಪವಿದೆ. ಆದರೆ ಆ ಅಣಕದ ಶೋಕಗೀತ ಉದ್ದೇಶಿಸಿರುವುದು ಬಾಬಿಲೋನಿನ ಅರಸನನ್ನು. ಆ ನಕ್ಷತ್ರವಾಚಕವಾದ ಹೀಬ್ರೂ ಶಬ್ದವನ್ನು ಜೆರೋಮನು ಲ್ಯಾಟಿನ್ನಿನಲ್ಲಿ ‘ಲೂಸಿಫರ್’ ಎಂದು ಭಾಷಾಂತರಿಸಿದ ಮೇಲೆ ಬೆಳಕು ತರುವ ತಾರೆಯ ಹೆಸರು ಕತ್ತಲೆಯ ಒಡೆಯನಿಗೆ ಅಂಟಿಕೊಂಡಿತು. ಯೆಹೆಜ್ಕೇಲನ ೨೮ನೆಯ ಅಧ್ಯಾಯವು ತೂರ್ ಪಟ್ಟಣದ ಅರಸನ ಮೇಲಿನದು. ಮೀಕಾಯೇಲನು ಘಟಸರ್ಪದೊಡನೆ ಹೋರಾಡಿ ಅದನ್ನು ಕೆಳಕ್ಕೆ ದಬ್ಬುವ ವರ್ಣನೆ ಪ್ರಕಟನೆಯ ೧೨ನೆಯ ಅಧ್ಯಾಯದಲ್ಲಿ ಬರುತ್ತದೆ. ಇಂಥ ಚದರಿದ ಎಳೆಗಳನ್ನು ಕೂಡಿಸಿ ಒಂದು ಕಥೆಯನ್ನು ನೆಯ್ದವರು ಮುಂದಿನ ಶತಮಾನಗಳ ವ್ಯಾಖ್ಯಾನಕಾರರು.

ಪತನದ ಕಾರಣದ ವಿಷಯದಲ್ಲಿಯೂ ಮೊದಲು ಒಮ್ಮತವಿರಲಿಲ್ಲ. ಹನೋಕನ ಹೆಸರಿನಲ್ಲಿರುವ ಪ್ರಾಚೀನ ಯೆಹೂದ್ಯ ಗ್ರಂಥದಲ್ಲಿ ದೇವದೂತರು ಬಿದ್ದುದು ಮಾನವಕನ್ಯೆಯರ ಮೇಲಣ ಕಾಮದಿಂದ. ಬೇರೆ ಕೆಲವು ಕಥನಗಳಲ್ಲಿ ಹೊಸದಾಗಿ ಸೃಷ್ಟಿಯಾದ ಮನುಷ್ಯನ ಮೇಲಣ ಅಸೂಯೆಯೇ ಕಾರಣ. ಮೂರನೆಯ ಶತಮಾನದ ಓರಿಗೆನ್ ಮೊದಲಾದವರು ಯೆಶಾಯ, ಯೆಹೆಜ್ಕೇಲರ ವಚನಗಳನ್ನು ಸೈತಾನನಿಗೆ ಅನ್ವಯಿಸಿದ ಮೇಲೆ ಗರ್ವವು ಮುಂದೆ ಬಂದಿತು. ೪೧೩ರಿಂದ ೪೨೬ರ ವರೆಗೆ ‘ದೇವನಗರ’ ಗ್ರಂಥವನ್ನು ರಚಿಸಿದ ಸಂತ ಆಗಸ್ಟೀನನು ಅದಕ್ಕೆ ತಾತ್ತ್ವಿಕ ನೆಲೆಯನ್ನು ಒದಗಿಸಿದನು.

ಆಗಸ್ಟೀನನ ವಾದದಲ್ಲಿ ಎರಡು ಅಂಶಗಳು ಮುಖ್ಯವಾದುವು. ಮೊದಲನೆಯದು, ಕೇಡು ಸ್ವತಂತ್ರವಾದ ವಸ್ತುವಲ್ಲ. ಅದು ಒಳಿತಿನ ಕೊರತೆ. ತಾರುಣ್ಯದಲ್ಲಿ ಮಾನಿಯ ದ್ವೈತಮತವನ್ನು ಅನುಸರಿಸಿ ಅನಂತರ ತೊರೆದವನಾದುದರಿಂದ, ಬೆಳಕಿಗೆ ಸರಿಸಮನಾದ ಕತ್ತಲೆಯೆಂಬ ಕಲ್ಪನೆಯನ್ನು ಅವನು ಕಟುವಾಗಿ ವಿರೋಧಿಸಿದನು. ಎರಡನೆಯದು, ಗರ್ವವೆಂದರೆ ಕೇವಲ ಮೆರೆದಾಟವಲ್ಲ. ತನ್ನ ಇರವಿಗೆ ಮೂಲವಾದುದರಿಂದ ಮುಖ ತಿರುಗಿಸಿ ತಾನೇ ತನಗೆ ಮೂಲವೆಂದು ನಿಲ್ಲುವುದು. ಆದುದರಿಂದ ಅದು ಹಲವು ಪಾಪಗಳಲ್ಲಿ ಒಂದಲ್ಲ, ಎಲ್ಲಕ್ಕೂ ಬೇರು. ಪೋಪ್ ಮೊದಲನೆಯ ಗ್ರೆಗೊರಿಯು ಆರನೆಯ ಶತಮಾನದ ಕೊನೆಯಲ್ಲಿ ಏಳು ಮುಖ್ಯ ಪಾಪಗಳನ್ನು ಎಣಿಸುವಾಗ ಗರ್ವವನ್ನು ಆ ಏಳರ ಪಂಕ್ತಿಗೆ ಸೇರಿಸದೆ ಅವುಗಳ ರಾಣಿಯೆಂದು ಬೇರೆಯಾಗಿಯೇ ಇರಿಸಿದನು.

ಆಧ್ಯಾತ್ಮಿಕ ಯುದ್ಧವೆಂಬ ಭಾವನೆಗೂ ಇದೇ ಹಿನ್ನೆಲೆ. ಪೌಲನ ಹೆಸರಿನಲ್ಲಿರುವ, ಎಫೆಸದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಭಕ್ತನ ಹೋರಾಟ ಮನುಷ್ಯರೊಡನೆ ಅಲ್ಲವೆಂಬ ಬೋಧೆಯಿದೆ. ಅವನು ತೊಡುವ ಕವಚ, ಹಿಡಿಯುವ ಗುರಾಣಿಗಳು ಸತ್ಯ, ನೀತಿ, ನಂಬಿಕೆಗಳೇ. ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳಲ್ಲಿ ಒಬ್ಬನಾದ, ೩೯೯ರಲ್ಲಿ ತೀರಿಕೊಂಡ ಇವಾಗ್ರಿಯಸನು ದುಷ್ಟಶಕ್ತಿಗಳ ದಾಳಿಯನ್ನು ಎಂಟು ಬಗೆಯ ಕೆಟ್ಟ ಯೋಚನೆಗಳಾಗಿ ವಿಂಗಡಿಸಿದನು. ಅವನ ಪಟ್ಟಿಯಲ್ಲಿ ಗರ್ವವು ಕೊನೆಯದು: ಉಳಿದುವನ್ನು ಗೆದ್ದೆನೆಂದುಕೊಂಡ ಸಾಧಕನನ್ನೇ ಅದು ಹಿಡಿಯುತ್ತದೆ. ಯುದ್ಧಭೂಮಿ ಆಕಾಶದಿಂದ ಅಂತಃಕರಣಕ್ಕೆ ಇಳಿದುದನ್ನು ಇಲ್ಲಿ ಕಾಣಬಹುದು.

೩

‘ಪ್ಯಾರಡೈಸ್ ಲಾಸ್ಟ್’ ೧೬೬೭ರಲ್ಲಿ ಹತ್ತು ಸರ್ಗಗಳಾಗಿಯೂ ೧೬೭೪ರಲ್ಲಿ ಹನ್ನೆರಡು ಸರ್ಗಗಳಾಗಿಯೂ ಪ್ರಕಟವಾಯಿತು. ಕವಿ ಆಗ ಕುರುಡನು. ತಾನು ದುಡಿದ ಗಣರಾಜ್ಯ ೧೬೬೦ರಲ್ಲಿ ಕುಸಿದು ಮತ್ತೆ ಅರಸೊತ್ತಿಗೆ ನೆಲೆಗೊಂಡುದನ್ನು ಅನುಭವಿಸಿದವನು. ಅರಸನನ್ನು ಶಿಕ್ಷಿಸುವ ಹಕ್ಕು ಪ್ರಜೆಗಳಿಗುಂಟೆಂದು ೧೬೪೯ರಲ್ಲಿ ಬರೆದವನು ಪರಲೋಕದ ಅರಸನ ಮೇಲೆ ದಂಗೆಯೆದ್ದವನನ್ನು ಖಂಡಿಸಬಲ್ಲನೆ? ಈ ಸಂಶಯವೇ ವಿಮರ್ಶಕರನ್ನು ಎರಡು ಪಕ್ಷವಾಗಿಸಿತು. ಮಿಲ್ಟನ್ನನು ತನಗರಿಯದೆಯೇ ಸೈತಾನನ ಪಕ್ಷದವನೆಂದು ಬ್ಲೇಕ್ ಕವಿ ಸಾರಿದನು. ಸೈತಾನನು ನೀತಿಯಲ್ಲಿ ಮಿಲ್ಟನ್ನನ ದೇವರಿಗಿಂತ ಮೇಲೆಂದು ೧೮೨೧ರಲ್ಲಿ ಬರೆದ ಪ್ರಬಂಧದಲ್ಲಿ ಷೆಲ್ಲಿ ವಾದಿಸಿದನು. ೧೯೪೨ರಲ್ಲಿ ಸಿ. ಎಸ್. ಲೂಯಿಸರು ಇದನ್ನು ಅಲ್ಲಗಳೆದು ಸೈತಾನನ ವಾದಗಳಲ್ಲಿರುವ ಅಸಂಬದ್ಧತೆಯನ್ನು ಎತ್ತಿ ತೋರಿದರು. ೧೯೬೧ರಲ್ಲಿ ವಿಲಿಯಂ ಎಂಪ್ಸನ್ನರು, ದೋಷವಿರುವುದು ಕವಿಯಲ್ಲಲ್ಲ, ಅವನು ಸಮರ್ಥಿಸಹೊರಟ ದೇವರ ಕಲ್ಪನೆಯಲ್ಲಿಯೇ ಎಂದು ಪ್ರತಿವಾದ ಹೂಡಿದರು. ಓದುಗನು ಸೈತಾನನ ಮಾತಿಗೆ ಮರುಳಾಗಿ, ಬಳಿಕ ತನ್ನ ತಪ್ಪನ್ನು ಅರಿಯಬೇಕೆಂಬುದೇ ಕವಿಯ ಹೂಟವೆಂದು ೧೯೬೭ರಲ್ಲಿ ಸ್ಟ್ಯಾನ್ಲಿ ಫಿಷ್ ಪ್ರತಿಪಾದಿಸಿದರು.

ಎಂಪ್ಸನ್ನರ ಆಕ್ಷೇಪದಲ್ಲಿ ಹುರುಳಿದೆಯೆಂದು ಒಪ್ಪಬೇಕು. ಮೂರನೆಯ ಸರ್ಗದಲ್ಲಿ ದೇವರು ಆಡುವ ಮಾತು ಕಾವ್ಯಕ್ಕಿಂತ ನ್ಯಾಯಾಲಯದ ವಾದದಂತೆ ಕೇಳಿಸುತ್ತದೆ. ಅಲ್ಲಿ ಕವಿ ಸೋತಿದ್ದಾನೆ. ಆದರೆ ದೇವರ ಪಾತ್ರ ಸೊರಗಿದ ಮಾತ್ರಕ್ಕೆ ಸೈತಾನನ ಪಕ್ಷ ಗೆದ್ದಂತಾಗದು. ಐದನೆಯ ಸರ್ಗದಲ್ಲಿ ಅಬ್ದಿಯೇಲನೆಂಬ ಒಬ್ಬನೇ ದೇವದೂತನು ದಂಗೆಯ ಸಭೆಯಲ್ಲಿ ಎದ್ದು ನಿಂತು, ನಮ್ಮನ್ನು ಸೃಷ್ಟಿಸಿದವನ ವಿರುದ್ಧ ನ್ಯಾಯ ಕೇಳುವುದೆಂತು ಎಂದು ಪ್ರಶ್ನಿಸುತ್ತಾನೆ. ಆಗ ಸೈತಾನನು ಕೊಡುವ ಉತ್ತರವೇ ಅವನ ಗರ್ವದ ತಿರುಳು: ನಾವು ಇರದಿದ್ದ ಕಾಲದ ನೆನಪು ನಮಗಿಲ್ಲ, ಆದುದರಿಂದ ನಾವು ನಮ್ಮ ಬಲದಿಂದಲೇ ಹುಟ್ಟಿದವರು ಎಂಬುದು ಅವನ ತರ್ಕ. ತನ್ನ ಹುಟ್ಟನ್ನು ಕಂಡವರು ಯಾರೂ ಇಲ್ಲ. ಅದನ್ನೇ ತನಗೆ ತಾಯ್ತಂದೆಗಳಿಲ್ಲವೆಂಬುದಕ್ಕೆ ಆಧಾರವಾಗಿಸಿಕೊಂಡಂತಾಯಿತು! ಆ ತುಂಬಿದ ಸಭೆಯ ತಿರಸ್ಕಾರವನ್ನು ಸಹಿಸಿ ಒಂಟಿಯಾಗಿ ಹೊರನಡೆಯುವ ಅಬ್ದಿಯೇಲನೇ ನಿಜವಾದ ಭಿನ್ನಮತೀಯನು. ಗಣರಾಜ್ಯವಾದಿ ಮಿಲ್ಟನ್ನನ ಎದೆ ಮಿಡಿದಿರುವುದು ಅವನಲ್ಲಿ. ಸೈತಾನನಾದರೋ ಸ್ವಾತಂತ್ರ್ಯದ ಹೆಸರು ಹೇಳಿ ತನಗೊಂದು ಸಿಂಹಾಸನವನ್ನು ಕಟ್ಟಿಕೊಂಡವನು.

೪

ಆರನೆಯ ಸರ್ಗದ ದಿವ್ಯಯುದ್ಧ ಮೂರು ದಿನ ನಡೆಯುತ್ತದೆ. ಮೊದಲ ದಿನ ಮೀಕಾಯೇಲನ ಕತ್ತಿ ಸೈತಾನನನ್ನು ಸೀಳುತ್ತದೆ; ಗಾಯ ಕೂಡಿಕೊಳ್ಳುತ್ತದೆ. ಎರಡನೆಯ ದಿನ ಸೈತಾನನು ಫಿರಂಗಿಗಳನ್ನು ನಿರ್ಮಿಸುತ್ತಾನೆ. ಇತ್ತಲವರು ಬೆಟ್ಟಗಳನ್ನೇ ಕಿತ್ತೆಸೆಯುತ್ತಾರೆ. ಸಾಯಲಾರದವರ ಈ ಕಾದಾಟ ಕೊನೆಗಾಣುವುದು ಮೂರನೆಯ ದಿನ ದೇವಕುಮಾರನೊಬ್ಬನೇ ರಥವೇರಿ ಬಂದಾಗ. ಇದರಲ್ಲಿ ಹಾಸ್ಯದ ಲೇಪವಿದೆಯೆಂದು ಹಲವರು ಆಕ್ಷೇಪಿಸಿದ್ದಾರೆ. ಆದರೆ ಶಸ್ತ್ರಗಳಿಂದ ತೀರ್ಮಾನವಾಗುವ ಯುದ್ಧ ಇದಲ್ಲವೆಂದು ತೋರಿಸುವುದೇ ಕವಿಯ ಅಭಿಪ್ರಾಯವಿದ್ದಂತಿದೆ. ಹನ್ನೆರಡನೆಯ ಸರ್ಗದಲ್ಲಿ, ಸರ್ಪಕ್ಕೂ ರಕ್ಷಕನಿಗೂ ಕಾಳಗ ಎಲ್ಲಿ, ಯಾವಾಗ ಎಂದು ಆದಾಮನು ಕುತೂಹಲದಿಂದ ಕೇಳಿದಾಗ, ಅದನ್ನು ದ್ವಂದ್ವಯುದ್ಧವೆಂದು ಭಾವಿಸಬೇಡವೆಂದು ತಿದ್ದುವವನು ಖಡ್ಗಧಾರಿಯಾದ ಮೀಕಾಯೇಲನೇ! ಸೈತಾನನನ್ನಲ್ಲ, ಮನುಷ್ಯನೊಳಗೆ ಅವನು ಮಾಡಿದ ಕೆಲಸವನ್ನು ಅಳಿಸುವುದೇ ಗೆಲವು ಎಂಬುದು ಅವನ ಬೋಧೆಯ ಸಾರ.

ಹಾಗಾದರೆ ಕಾವ್ಯದ ನಿರ್ಣಾಯಕ ಯುದ್ಧ ನಡೆದುದೆಲ್ಲಿ? ನಾಲ್ಕನೆಯ ಸರ್ಗದ ಮೊದಲಲ್ಲಿ, ನಿಫಾಟೀಸ್ ಪರ್ವತದ ಮೇಲೆ. ಅಲ್ಲಿ ಸೈತಾನನು ಒಂಟಿ. ಮೆಚ್ಚಿಸಬೇಕಾದ ಸೇನೆಯಿಲ್ಲ, ಭಾಷಣದ ಅಬ್ಬರವಿಲ್ಲ. ಸೂರ್ಯನನ್ನು ಕುರಿತು ಆಡುವ ಆ ಸ್ವಗತದಲ್ಲಿ ಅವನು ಸತ್ಯವನ್ನು ಒಪ್ಪಿಕೊಳ್ಳುತ್ತಾನೆ: ದೇವರು ತನಗೆ ಕೇಡು ಮಾಡಲಿಲ್ಲ, ಕೇಳಿದುದು ಕೃತಜ್ಞತೆಯೊಂದನ್ನೇ, ಅದನ್ನು ಸಲ್ಲಿಸುವುದು ಕಷ್ಟವೂ ಆಗಿರಲಿಲ್ಲ. ಪಶ್ಚಾತ್ತಾಪಕ್ಕೆ ಎಡೆಯಿಲ್ಲವೆ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಬಾಗಬೇಕು, ಅದೊಂದೇ ದಾರಿ. ಆದರೆ ಕೆಳಗಿರುವ ತನ್ನ ಅನುಯಾಯಿಗಳ ಎದುರು ನಾಚಿಕೆಗೀಡಾಗುವೆನೆಂಬ ಅಳುಕು ಆ ದಾರಿಯನ್ನು ಮುಚ್ಚುತ್ತದೆ. ಕ್ಷಮೆ ದೊರೆತರೂ ತಾನು ಮತ್ತೆ ದಂಗೆಯೇಳುವೆನೆಂದು ಅವನೇ ಮುಂದಾಗಿ ತೀರ್ಪು ಕೊಟ್ಟುಕೊಳ್ಳುತ್ತಾನೆ. ಇದು ಮೊದಲು ನಾಟಕವೊಂದರ ಆರಂಭಕ್ಕಾಗಿ ಕವಿ ರಚಿಸಿದ್ದ ಭಾಗವೆಂದು ಅವನ ಸೋದರಳಿಯ ಎಡ್ವರ್ಡ್ ಫಿಲಿಪ್ಸ್ ಹೇಳಿರುವುದು ಗಮನಾರ್ಹ. ಮಹಾಕಾವ್ಯದ ಬೀಜವೇ ಈ ಸ್ವಗತವೆನ್ನಬಹುದು.

ಇಲ್ಲಿ ನಮಗೆ ನೆನಪಾಗಬೇಕಾದವನು ದುರ್ಯೋಧನನಲ್ಲ, ನಾಗಚಂದ್ರನ ರಾವಣ. ‘ರಾಮಚಂದ್ರಚರಿತಪುರಾಣ’ದ ರಾವಣನೂ ಸೀತೆಯ ದೃಢತೆಯನ್ನು ಕಂಡು ಮನಸ್ಸು ತಿರುಗಿದವನು, ತನ್ನ ತಪ್ಪನ್ನು ಅರಿತವನು. ಆದರೆ ಈಗಲೇ ಒಪ್ಪಿಸಿದರೆ ಅಂಜಿದನೆಂದಾರು; ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಗೆದ್ದು ಆಮೇಲೆ ಸೀತೆಯನ್ನು ಒಪ್ಪಿಸುವೆನೆಂದು ನಿಶ್ಚಯಿಸುತ್ತಾನೆ. ಈ ರಾವಣನಲ್ಲಿ ದುರಂತನಾಯಕನನ್ನು ಗುರುತಿಸಿದವರು ಬಿ. ಎಂ. ಶ್ರೀಕಂಠಯ್ಯನವರು. ಇಬ್ಬರಲ್ಲಿಯೂ ಬುದ್ಧಿ ಸತ್ಯವನ್ನು ಕಂಡಿದೆ. ಇಬ್ಬರನ್ನೂ ತಡೆದುದು ನೋಡುವವರ ಕಣ್ಣು. ಆದರೆ ರಾವಣನು ಪಶ್ಚಾತ್ತಾಪವನ್ನು ಮುಂದೂಡುತ್ತಾನೆ, ಸೈತಾನನು ನಿರಾಕರಿಸುತ್ತಾನೆ. ರಾವಣನ ಮಾನವು ಒಳಿತನ್ನು ಗೌರವದೊಡನೆ ಮಾಡಬೇಕೆನ್ನುತ್ತದೆ. ಸೈತಾನನ ಗರ್ವವು ಕೇಡನ್ನೇ ಇನ್ನು ತನ್ನ ಒಳಿತೆಂದು ಬಗೆಯುತ್ತದೆ. ಆದುದರಿಂದಲೇ ಮೊದಲನೆಯವನು ದುರಂತನಾಯಕನಾಗಿಯೇ ಸಾಯುತ್ತಾನೆ, ಎರಡನೆಯವನಿಗೆ ಆ ಪದವಿಯೂ ಉಳಿಯುವುದಿಲ್ಲ.

ನಮ್ಮವರು ಇನ್ನೊಂದು ಪ್ರಶ್ನೆಯನ್ನು ಕೇಳಿಯಾರು. ಸನಕಾದಿಗಳನ್ನು ತಡೆದ ತಪ್ಪಿಗೆ ವೈಕುಂಠದಿಂದ ಬಿದ್ದ ಜಯವಿಜಯರು ಮೂರು ಜನ್ಮ ಹರಿದ್ವೇಷಿಗಳಾಗಿ ಬಾಳಿ ಮತ್ತೆ ಸ್ವಸ್ಥಾನವನ್ನು ಸೇರಿದರು. ಸೈತಾನನಿಗೇಕೆ ಮರಳುವ ಹಾದಿಯಿಲ್ಲ? ಕ್ರೈಸ್ತರಲ್ಲಿಯೂ ಇಂಥ ಆಸೆಗೆ ಓರಿಗೆನ್ನನು ಎಡೆಗೊಟ್ಟಿದ್ದನು. ೫೫೩ರ ಕಾನ್‌ಸ್ಟಾಂಟಿನೋಪಲ್ ಧರ್ಮಸಭೆಯು ಖಂಡಿಸಿದವರ ಸಾಲಿನಲ್ಲಿ ಅವನ ಹೆಸರೂ ಸೇರಿತು. ನಮ್ಮ ಪುರಾಣದಲ್ಲಿ ದ್ವೇಷವೂ ಒಂದು ಬಗೆಯ ಸ್ಮರಣೆ. ಸೈತಾನನ ಪಾಪವಾದರೋ ಮರೆವು, ಅದೂ ಬುದ್ಧಿಪೂರ್ವಕವಾದ ಮರೆವು. ಧರ್ಮಶಾಸ್ತ್ರ ಬಾಗಿಲನ್ನು ಹೊರಗಿನಿಂದ ಮುಚ್ಚಿತು; ಅದಕ್ಕೆ ಒಳಗಿನಿಂದಲೇ ಅಗುಳಿ ಬಿದ್ದಿದೆಯೆಂದು ಕವಿ ತೋರಿಸಿದನು.

೫

ಅಲ್ಲಿಂದ ಮುಂದೆ ಅವನ ಇಳಿತ ಕಣ್ಣಿಗೆ ಕಾಣುವಂಥದು. ಜೀವವೃಕ್ಷದ ಮೇಲೆ ನೀರುಕಾಗೆಯಾಗಿ ಕೂರುತ್ತಾನೆ. ಮಲಗಿದ ಹವ್ವಳ ಕಿವಿಯ ಬಳಿ ಕಪ್ಪೆಯಾಗಿ ಮುದುರುತ್ತಾನೆ. ಹಿಡಿದ ದೇವದೂತರು ಅವನನ್ನು ಗುರುತಿಸದೆ ಹೋದುದೇ ಅವನಿಗೆ ದೊಡ್ಡ ಪೆಟ್ಟು. ಒಂಬತ್ತನೆಯ ಸರ್ಗದಲ್ಲಿ ಹಾವಿನ ದೇಹವನ್ನು ಹೊಗುವಾಗ ತನ್ನ ಹೀನಸ್ಥಿತಿಗೆ ತಾನೇ ಹೇಸುತ್ತಾನೆ. ಹತ್ತನೆಯದರಲ್ಲಿ ಗೆದ್ದು ಮರಳಿ, ಸಿಂಹಾಸನದಿಂದ ತನ್ನ ಸಾಹಸವನ್ನು ಬಣ್ಣಿಸಿ ಜಯಘೋಷಕ್ಕಾಗಿ ಕಾಯುತ್ತಿರುವಾಗ ಅವನಿಗೆ ಕೇಳಿಸುವುದು ಬುಸುಗುಟ್ಟುವಿಕೆ; ಸಭೆಯೆಲ್ಲ ಹಾವಾಗಿದೆ, ತಾನೂ ಹಾವಾಗಿದ್ದಾನೆ. ಯಾರ ಮೆಚ್ಚುಗೆಗಾಗಿ ನಿಫಾಟೀಸಿನ ಮೇಲೆ ಬಾಗಲೊಲ್ಲದೆ ಹೋದನೋ ಅವರಿಂದ ಅವನಿಗೆ ದೊರೆತ ಬಹುಮಾನವಿದು!

ಅದೇ ಹತ್ತನೆಯ ಸರ್ಗದ ಕೊನೆಯಲ್ಲಿ ಇನ್ನೊಂದು ದೃಶ್ಯವಿದೆ. ವಿಮರ್ಶಕರ ವಾಗ್ವಾದದಲ್ಲಿ ಅದಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ. ಹಣ್ಣು ತಿಂದ ಗಂಡಹೆಂಡಿರು ಒಬ್ಬರನ್ನೊಬ್ಬರು ದೂರುತ್ತ, ಸೈತಾನನ ಭಾಷೆಯನ್ನೇ ಕಲಿತವರಂತೆ ಕುಳಿತಿದ್ದಾರೆ. ಆದಾಮನು ಹವ್ವಳನ್ನು ಕಟುನುಡಿಯಿಂದ ನೂಕುತ್ತಾನೆ. ಅವಳು ಎದುರಾಡದೆ, ಅಳುತ್ತ, ಅವನ ಕಾಲಿಗೆ ಬೀಳುತ್ತಾಳೆ. ತಪ್ಪು ತನ್ನದೆಂದು, ದಂಡನೆಯೆಲ್ಲ ತನ್ನ ಮೇಲೇ ಬರಲೆಂದು ಬೇಡುತ್ತಾಳೆ. ಆದಾಮನ ಕೋಪ ಕರಗುತ್ತದೆ. ಕೊನೆಗೆ ಇಬ್ಬರೂ ನೆಲಕ್ಕೆ ಬಿದ್ದು ದೇವರಲ್ಲಿ ಕ್ಷಮೆ ಯಾಚಿಸುತ್ತಾರೆ. ಗಂಡಿನ ಕಾಲಿಗೆ ಹೆಣ್ಣನ್ನು ಬೀಳಿಸಿದ ಹದಿನೇಳನೆಯ ಶತಮಾನದ ಕವಿಯ ದೃಷ್ಟಿಯನ್ನು ಇಂದಿನ ಓದುಗರು ಆಕ್ಷೇಪಿಸಬಹುದು, ಆಕ್ಷೇಪ ನ್ಯಾಯವಾದುದೇ. ಆದರೆ ಕಾವ್ಯದ ರಚನೆಯಲ್ಲಿ ಆ ಬಾಗುವಿಕೆಯ ಸ್ಥಾನವನ್ನು ನೋಡಬೇಕು. ಸಹಸ್ರ ಸಹಸ್ರ ದೇವದೂತರ ನಾಯಕನಿಗೆ ಪರ್ವತದ ತುದಿಯಲ್ಲಿ ಸಾಧ್ಯವಾಗದೆ ಹೋದುದು ಅವಳಿಗೆ ಸಾಧ್ಯವಾಯಿತು. ಮೀಕಾಯೇಲನ ಕತ್ತಿ ಗೆಲ್ಲಲಾರದ ಯುದ್ಧ ಅಲ್ಲಿ ಗೆಲವಿನ ಕಡೆಗೆ ತಿರುಗಿತು.

ಛಲವನ್ನು ಮೆಚ್ಚುವ ಕನ್ನಡದ ಅಭಿರುಚಿಯನ್ನು ನಾವು ತೊರೆಯಬೇಕಾಗಿಲ್ಲ. ರನ್ನನ ದುರ್ಯೋಧನನು ರಣರಂಗದಲ್ಲಿ ಬಿದ್ದ ಗುರುವಿಗಾಗಿ, ತಮ್ಮನಿಗಾಗಿ, ಮಗನಿಗಾಗಿ, ಗೆಳೆಯ ಕರ್ಣನಿಗಾಗಿ ಅತ್ತವನು. ಶತ್ರುಪಕ್ಷದ ಅಭಿಮನ್ಯುವಿನ ಶೌರ್ಯಕ್ಕೆ ಕೈಮುಗಿದವನು. ಅವನ ಛಲಕ್ಕೆ ತನ್ನ ಋಣಗಳ ನೆನಪಿದೆ. ಸೈತಾನನೂ ತನ್ನ ಪಡೆಯನ್ನು ಕಂಡು ಕಣ್ಣೀರು ಸುರಿಸುತ್ತಾನೆ, ನಿಜ; ಆದರೆ ಆ ಕಣ್ಣೀರು ಆರುವ ಮೊದಲೇ ಅವನ ಮಾತು ಮತ್ತೊಂದು ದಂಡಯಾತ್ರೆಯ ಕಡೆಗೆ ತಿರುಗುತ್ತದೆ. ಋಣವನ್ನು ನೆನೆಯುವ ಅಭಿಮಾನ ಒಂದು, ಋಣವೇ ಇಲ್ಲವೆನ್ನುವ ಗರ್ವ ಇನ್ನೊಂದು. ಒಂದೇ ಇಂಗ್ಲಿಷ್ ಶಬ್ದದಲ್ಲಿ ಕಲೆತುಹೋಗಿರುವ ಇವೆರಡನ್ನೂ ಬೇರ್ಪಡಿಸಿ ನೋಡುವ ಅನುಕೂಲ ಕನ್ನಡಕ್ಕೆ ಇದೆ. ಅದನ್ನು ಬಳಸಿಕೊಂಡರೆ ಮಿಲ್ಟನ್ನನ ಕಾವ್ಯ ಮಾತ್ರವಲ್ಲ, ಭಾಷೆ, ಕುಲ, ವಿದ್ಯೆಗಳ ಹೆಸರಿನಲ್ಲಿ ನಮ್ಮೊಳಗೇ ನಡೆಯುವ ಯುದ್ಧವೂ ಸ್ವಲ್ಪ ಸ್ಪಷ್ಟವಾದೀತು.