ಯೋಜನೆಗೆ ಸವಾಲು ಹಾಕೋರು ಯಾರು?

ಹರದೇಶಿ–ನಾಗೇಶಿ ಹಾಡಕಿಯೊಳಗ ಒಂದು ಮ್ಯಾಳ ಸವಾಲು ಹಾಕತೈತಿ, ಎದುರಿನ ಮ್ಯಾಳ ಜವಾಬು ಕೊಡತೈತಿ. ಎರಡನ್ನೂ ಒಂದೇ ಮ್ಯಾಳ ಹಾಡಿದರ ಕೇಳಾಕ ಯಾರೂ ಕುಂಡರೂದಿಲ್ಲ. ಹಳ್ಳಿಗೆ ಬರೋ ಹೊಸ ಯೋಜನೆಗಳದು ಮಾತ್ರ ಬಹಳ ಸಲ ಹಿಂಗ ಆಗೇತಿ. ಯೋಜನೆ ಹಾಕಿದವರೇ ಅದರ ವರದಿ ಬರೀತಾರ. ಎಷ್ಟು ಯಂತ್ರ ಕೊಟ್ಟೆವು, ಎಷ್ಟು ಮಂದಿಗೆ ತರಬೇತಿ ಆತು ಅಂತ ಲೆಕ್ಕ ಇರತೈತಿ. ರೈತನ ಯಾವ ಕೆಲಸ ಹಗುರಾತು ಅನ್ನೋದು ಆ ಲೆಕ್ಕದಾಗ ಸಿಗೂದಿಲ್ಲ.

ನಮ್ಮ ಕೊಲ್ಹಾಪುರ ಜಿಲ್ಲೆಯದೇ ಒಂದು ಉದಾಹರಣೆ ನೋಡೋಣ. 1998ರಲ್ಲಿ ವಾರಣಾನಗರದ ಸುತ್ತಿನ, ಕೊಲ್ಹಾಪುರ–ಸಾಂಗ್ಲಿ ಜಿಲ್ಲೆಗಳ 70 ಹಳ್ಳಿಗಳಿಗೆ ‘ವಾಯರ್ಡ್ ವಿಲೇಜ್’ ಯೋಜನೆ ಬಂತು. ಕೇಂದ್ರ ಸರಕಾರ, ರಾಜ್ಯ ಸರಕಾರ ಮತ್ತು ವಾರಣಾ ಸಹಕಾರಿ ಸಂಸ್ಥೆಗಳು ಕೂಡಿ ರೊಕ್ಕ ಹಾಕಿದರು. ಪ್ಯಾಟಿ ದರ, ಬೆಳೆಯ ಸಲಹೆ, ಹೊಲದ ಉತಾರ ಎಲ್ಲಾ ಊರಾಗಿನ ಕಂಪ್ಯೂಟರಿನಾಗ ಸಿಗತಾವ ಅಂತ ಹೇಳಿದ್ದರು. ಕಡೀಕ ಅದು ನಡೆದದ್ದು ಹೆಚ್ಚಾಗಿ ಕಬ್ಬಿನ ಲೆಕ್ಕಕ್ಕ: ಎಷ್ಟು ಟನ್ ತೂಗಿತು, ಗೊಬ್ಬರ ಎಷ್ಟು ಬಂತು, ಇಷ್ಟ.

ಇದು ಸೋತ ಯೋಜನೆ ಅಂತ ನಾ ಅನ್ನೂದಿಲ್ಲ. ತೂಕ ತಿಳಕೊಳ್ಳಾಕ ಕಾರಖಾನಿಗೆ ಎಡತಾಕೋದು ತಪ್ಪಿದರ ರೈತನಿಗೆ ಒಂದು ದಿನದ ಕೆಲಸ ಉಳೀತೈತಿ. ಆದರ ಅಷ್ಟಕ್ಕ ಅಷ್ಟು ದೊಡ್ಡ ಸರಂಜಾಮು ಬೇಕಿತ್ತೇನು? ಮುಂದ ಮೈಕ್ರೋಸಾಫ್ಟ್ ಸಂಶೋಧಕರು ಅಲ್ಲಿಯ ಏಳು ಹಳ್ಳಿಗಳಾಗ ಎಂಟು ತಿಂಗಳು ಅದೇ ಕೆಲಸ ಮೊಬೈಲ್ ಮೆಸೇಜಿನ ಮ್ಯಾಲ ಮಾಡಿ ನೋಡಿದರು. ಖರ್ಚು ಕಡಿಮಿ ಬಂತು, ರೈತರಿಗೂ ಅದೇ ಹೆಚ್ಚು ಸೇರಿತು. ರೈತಗ ಯಾವ ಸುದ್ದಿ ಬೇಕು ಅಂತ ಮೊದಲ ಕೇಳಿ, ಆಮ್ಯಾಲ ಯಂತ್ರ ಆರಿಸಬೇಕಿತ್ತು. ಇಲ್ಲಿ ಯಂತ್ರ ಮೊದಲ ಬಂತು.

ಯೋಜನೆ ಹಾಕುವಾಗ ಇನ್ನೊಂದು ಮಾತು ಮರೀತಾರ: ಮುಂದ ನಡಸಾವ ಯಾರು? ಕೊಲ್ಹಾಪುರ ಪದ್ಧತಿಯ ಬಂಧಾರಾ ಎಲ್ಲರೂ ಕಂಡದ್ದ. ಮಳಿಗಾಲ ಮುಗಿದ ಮ್ಯಾಲ ಹಲಗಿ ಕೂಡಿಸಿ ನೀರು ನಿಲ್ಲಸೋದು, ಮುಂದಿನ ಮಳಿ ಬರೂಕಿಂತ ಮೊದಲ ತಗಿಯೋದು. ಕಂಬ ಎಷ್ಟ ಗಟ್ಟಿ ಇರಲಿ, ಹಲಗಿ ಹಾಕಾವ, ತಗಿಯಾವ, ಕಾಯ್ದಿಡಾವ ಯಾರು ಅಂತ ಗೊತ್ತುಮಾಡದಿದ್ದರ ನೀರು ಸೋರಿ ಹೋಗತೈತಿ.

ಈ ಮಾತು ಈಗ ಯಾಕ ಅಂದರ, ನಮ್ಮ ಶಿರೋಳ ತಾಲೂಕಿನಾಗ ಕಬ್ಬಿಗೆ ನೀರು ಮಿತಿಮೀರಿ ಹಾಯಿಸಿ ಎಷ್ಟೋ ಎರೀ ಹೊಲ ಸವಳು–ಜವಳು ಆಗ್ಯಾವ. ಶಿರೋಳದ ದತ್ತ ಸಾಖರ ಕಾರಖಾನಿ ಮುಂದಾಗಿ, ನೆಲದಾಗ ತೂತಿನ ಪೈಪ್ ಹುಗಿದು ಉಪ್ಪುನೀರು ಹೊರಗ ಹಾಕೋ ಕೆಲಸ ನಡೆಸೇತಿ. ಒಳ್ಳೇ ಕೆಲಸ. ಆದರ ಪೈಪ್ ಎಷ್ಟು ಮೀಟರ್ ಹೂಳಿದರು ಅನ್ನೋದರ ಮ್ಯಾಲ ಇದನ್ನ ತೂಗಬಾರದು. ಒಬ್ಬನ ಹೊಲದ ನೀರು ಇನ್ನೊಬ್ಬನ ಬದುವಿನ ಗುಂಟ ಹಳ್ಳ ಸೇರಬೇಕು. ಹಳ್ಳ ಹೂಳು ತುಂಬಿದರ ನೀರು ಹಿಂದಕ್ಕ ನಿಲ್ಲತೈತಿ. ಭೂಮಿ ಸುಧಾರಿಸಿದ ಮ್ಯಾಲೂ ಮೊದಲಿನಂಗ ನೀರು ಬಿಟ್ಟರ ಉಪ್ಪು ತಿರುಗಿ ಮ್ಯಾಲ ಬರತೈತಿ. ಸಾಲಾ ತಗದು ಪೈಪ್ ಹಾಕಿದವನ ಸಾಲಾ ಮಾತ್ರ ಹಂಗ ಉಳೀತೈತಿ.

ಅದಕ್ಕ ಯಾವ ಯೋಜನೆ ಬಂದರೂ ಸಹಿ ಮಾಡೂ ಮೊದಲ ಗ್ರಾಮಸಭಾದಾಗ ಮೂರು ಸವಾಲು ಹಾಕಬೇಕು. ಇದರಿಂದ ಯಾರ ಯಾವ ಕಷ್ಟ ತಪ್ಪತೈತಿ? ಕೆಟ್ಟರ ರಿಪೇರಿ ಯಾರದು, ರೊಕ್ಕ ಎಲ್ಲಿದು? ಏನು ಆಗದಿದ್ದರ ಇದನ್ನ ಸೋತದ್ದು ಅಂತ ಒಪ್ಪತೀರಿ? ಪೈಪಿನ ಕೆಲಸ ಇದ್ದರ ಮಣ್ಣಿನ ಉಪ್ಪು, ಎಕರೆಗೆ ಬಂದ ಟನ್ ಎರಡೂ ಮೊದಲ ಬರದಿಡಬೇಕು. ಇಲ್ಲಾಂದರ ಆಮ್ಯಾಲ ಎದಕ್ಕ ಹೋಲಿಸೋದು?

ಸಾಲಿ ಗುರುಗಳಲ್ಲಿ ನನ್ನ ವಿನಂತಿ ಒಂದ ಐತಿ. ಈ ಜವಾಬುಗಳನ್ನ ತಾರೀಖು ಹಾಕಿ ವಾಚನಾಲಯದ ವಹಿಯಾಗ ಬರದಿಡ್ರಿ. ಮೂರು ವರ್ಷದ ಮ್ಯಾಲ ಅದ ವಹಿ ಗ್ರಾಮಸಭಾಕ್ಕ ತಂದು, ಯೋಜನೆ ತಂದವರ ಎದುರಿಗೆ ಗಟ್ಟಿಯಾಗಿ ಓದ್ರಿ.