ಅವ್ವ ಎಂಬ ಮಾತು

ಚಾಮರಾಜನಗರ, ಗುಂಡ್ಲುಪೇಟೆಗಳ ಹಳ್ಳಿಗಳಲ್ಲಿ ಹೆತ್ತವಳು ಅವ್ವ. ಅವಳ ಅಕ್ಕ ದೊಡ್ಡವ್ವ, ತಂಗಿ ಚಿಕ್ಕವ್ವ. ಪೇಟೆಯ ಮನೆಗಳಲ್ಲಿ ಅಮ್ಮ ಎಂಬುದೇ ರೂಢಿ. ಈ ಭೇದ ಸಹಜವಾದುದು. ಆದರೆ ಅಮ್ಮ ಶಿಷ್ಟ, ಅವ್ವ ಗ್ರಾಮ್ಯ ಎಂದು ಬಗೆದು ಮಕ್ಕಳ ಮಾತನ್ನು ತಿದ್ದುವ ಉಪಾಧ್ಯಾಯರಿದ್ದಾರೆ. ಈ ಎಣಿಕೆಗೆ ಸಾಹಿತ್ಯದಲ್ಲಿ ಆಧಾರವಿಲ್ಲ.

ಶರಣೆಯರ ಹೆಸರುಗಳನ್ನೇ ನೋಡಬಹುದು. ಕಾಶ್ಮೀರದ ಅರಸಿಯೆಂದು ಐತಿಹ್ಯವುಳ್ಳ ಮೋಳಿಗೆ ಮಹಾದೇವಮ್ಮನ ಸಾಲಿನಲ್ಲಿಯೇ ಕದಿರ ರೆಮ್ಮವ್ವೆ, ಗೊಗ್ಗವ್ವೆ, ಕಾಳವ್ವೆ, ಸಂಕವ್ವೆಯರಿದ್ದಾರೆ. ಹಾಗೆಂದು ಅಮ್ಮ ಅರಮನೆಯದು, ಅವ್ವೆ ಗುಡಿಸಲಿನದು ಎನ್ನುವಂತಿಲ್ಲ. ಆಯ್ದಕ್ಕಿ ಮಾರಯ್ಯನ ಮಡದಿಯೂ ಲಕ್ಕಮ್ಮನೇ. ಅವ್ವೆಯ ಒಡಹುಟ್ಟಾದ ಅಬ್ಬೆ ಹತ್ತನೆಯ ಶತಮಾನದ ಅತ್ತಿಮಬ್ಬೆಯ ಹೆಸರಿನಲ್ಲಿದೆ. ಕಾಸರಗೋಡಿನ ಹವ್ಯಕರ ಮನೆಮಾತಿನಲ್ಲಿ ಇಂದಿಗೂ ತಾಯಿ ಅಬ್ಬೆಯೇ. ತೆಲುಗಿನಲ್ಲಾದರೋ ಅವ್ವ ಎಂದರೆ ಅಜ್ಜಿ!

ಅಕ್ಕಮಹಾದೇವಿಯ ವಚನಗಳಲ್ಲಿ ಬರುವ ‘ಅವ್ವಾ’ ಎಂಬ ಸಂಬೋಧನೆಯನ್ನು ಅರ್ಥೈಸುವಾಗ ಎಚ್ಚರ ಬೇಕು. ‘ತಾಯಿಯೇ’ ಎಂದು ಅರ್ಥ ಬರೆದರೆ ಭಾವ ಕೆಡುತ್ತದೆ. ಅಲ್ಲಿ ಆಕೆ ಕರೆಯುವುದು ಒಡನಾಡಿ ಹೆಣ್ಣನ್ನು, ತನ್ನ ಸಂಕಟ ಬಲ್ಲವಳನ್ನು. ನಮ್ಮ ಸೀಮೆಯ ತಾಯಿ ತನ್ನ ಮಗಳನ್ನೇ ‘ಬಾರವ್ವ’ ಎಂದು ಕರೆಯುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮ ಎಂಬ ಮಾತಿನಲ್ಲಿಯೂ ಅಕ್ಕರೆಯುಂಟು, ನಿಜ. ಅದು ಬೇರೆಯ ಅಕ್ಕರೆ. ನೆರೆಯ ನಂಜನಗೂಡು ಸೀಮೆಯವರಾದ ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನನ್ನು ಸಾಕಮ್ಮ ಎಂದು ಕರೆದು ನೋಡಲಿ: ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಕೇಳುವಂತೆ ಹಂಬಲಿಸುವ ಆ ಮುದುಕಿ ಅಲ್ಲಿ ಉಳಿಯುವುದಿಲ್ಲ.