ನರೆದಲೆಗನಿಗೆ ಸಿಕ್ಕಿದ ಹೆಸರು

ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ನಾವು ಸಾಮಾನ್ಯವಾಗಿ ರಾಗಿ ಗೆದ್ದ ಕಥೆಯೆಂದೇ ಓದಿಕೊಂಡು ಬಂದಿದ್ದೇವೆ. ಧಾನ್ಯಗಳಲ್ಲಿ ಶ್ರೇಷ್ಠ ಯಾವುದೆಂಬ ಮಾತು ರಾಮನೆದುರು ಬರುತ್ತದೆ. ಗೌತಮ ಮುನಿ ನರೆದಲೆಗನನ್ನು, ಅಂದರೆ ರಾಗಿಯನ್ನು, ಎತ್ತಿಹಿಡಿಯುತ್ತಾನೆ. ವ್ರೀಹಿಗ, ಅಂದರೆ ಭತ್ತ, ಕೆರಳುತ್ತಾನೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಬಂದಾಗ ವ್ರೀಹಿಗ ಸೊರಗಿರುತ್ತಾನೆ, ನರೆದಲೆಗ ಗಟ್ಟಿಯಾಗಿಯೇ ಇರುತ್ತಾನೆ.

ನನಗೆ ಈ ತೀರ್ಪಿಗಿಂತ ಅದಕ್ಕೂ ಮುಂಚಿನ ಬೈದಾಟವೇ ಹೆಚ್ಚು ಮುಖ್ಯವೆನಿಸುತ್ತದೆ. ನೀನು ಶೂದ್ರರ ಅನ್ನ, ಯಜ್ಞಕ್ಕೂ ಮಂಗಳಕಾರ್ಯಕ್ಕೂ ಸಲ್ಲದವನು ಎಂದು ವ್ರೀಹಿಗ ಹೀಯಾಳಿಸುತ್ತಾನೆ. ನೀನು ಬಡವರತ್ತ ತಿರುಗಿಯೂ ನೋಡದೆ ಉಳ್ಳವರ ಬೆನ್ನು ಹತ್ತಿದವನು, ಹೆಣದ ಬಾಯಿಗೂ ಬೀಳುವವನು, ಮಳೆ ಹೋದ ಕಾಲದಲ್ಲಿ ಜನರನ್ನು ಸಾಕುವವನು ನಾನು ಎಂದು ನರೆದಲೆಗ ತಿರುಗೇಟು ಕೊಡುತ್ತಾನೆ. ಕಾಳುಗಳ ಬಾಯಲ್ಲಿ ಜಾತಿ ಮಾತನಾಡುತ್ತಿದೆ. ಅದಕ್ಕೆ ನೆಲದ ಕಾರಣವೂ ಇದೆ. ಭತ್ತಕ್ಕೆ ಕೆರೆ, ಕಾಲುವೆ ಬೇಕು. ನೀರು ಯಾರ ಹಿಡಿತದಲ್ಲಿತ್ತೋ ಅಕ್ಕಿಯೂ ಅವರ ಮನೆ ಸೇರಿತು. ಮಳೆ ನಂಬಿದ ಕೆಂಪು ಹೊಲದವರಿಗೆ ರಾಗಿ ಉಳಿಯಿತು. (ಕರಾವಳಿಯಲ್ಲಿ ಕೂಲಿಯಾಳಿನ ಗಂಜಿಯೂ ಅಕ್ಕಿಯದೇ. ಹಾಗಾಗಿ ಇದು ಬಯಲುಸೀಮೆಯ ಜಗಳ.)

ಸೆರೆಮನೆಯ ಪರೀಕ್ಷೆಯೂ ಕವಿಯ ಬರೀ ಕಲ್ಪನೆಯಲ್ಲ. ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಹುಳ ಬೀಳದೆ ಉಳಿಯುತ್ತದೆಂಬುದು ರೈತನಿಗೆ ಗೊತ್ತಿದ್ದ ಸಂಗತಿ. ಬರಗಾಲಕ್ಕೆ ಬಡವನಿಗಿದ್ದ ಭದ್ರತೆ ಅದೊಂದೇ. ಸಿಪ್ಪೆಯೊಳಗಿನ ಭತ್ತವೂ ಅಷ್ಟು ಬೇಗ ಕೆಡುವುದಿಲ್ಲ, ಅಲ್ಲಿ ಕವಿ ಕೊಂಚ ಪಕ್ಷಪಾತ ಮಾಡಿದ್ದಾರೆನ್ನಬೇಕು.

ನನ್ನ ತಕರಾರಿರುವುದು ಕೊನೆಯ ಭಾಗದ ಬಗ್ಗೆ. ಇಷ್ಟೆಲ್ಲ ಸತ್ವವಿದ್ದೂ ನರೆದಲೆಗನಿಗೆ ರಾಘವನ ಹೆಸರೇಕೆ ಬೇಕಾಯಿತು? ದುಡಿಯುವವರ ಅನ್ನಕ್ಕೆ ಮೇಲಿನಿಂದ ಮುದ್ರೆ ಬಿದ್ದ ಮೇಲಷ್ಟೇ ಮರ್ಯಾದೆ. ವ್ರೀಹಿಗನನ್ನೂ ಸಮಾಧಾನಪಡಿಸಿ ಕಳಿಸಲಾಗುತ್ತದೆ, ಅವನ ಸ್ಥಾನಕ್ಕೇನೂ ಧಕ್ಕೆಯಿಲ್ಲ. ಕವಿಯ ಕಾಲದಲ್ಲಿ ಬೇರೆ ದಾರಿ ಇದ್ದಿರಲಾರದು, ಒಪ್ಪೋಣ. ಆದರೆ ರಾಮನ ಹೆಸರು ಪಡೆದ ಈ ಧಾನ್ಯ ಬಹಳ ಹಿಂದೆ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶಗಳಿಂದ ಬಂದದ್ದು ಎಂಬುದನ್ನೂ ಜೊತೆಗಿಟ್ಟು ಓದಬೇಕು. ಮಂಡ್ಯದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಲ್ಲಿನ ತಳಿಗಳಿಗೆ ಆಫ್ರಿಕಾದ ತಳಿ ಕೂಡಿಸಿ ‘ಇಂಡಾಫ್’ ರಾಗಿ ರೂಪಿಸಿದಾಗ, ಹಳೆಯ ನೆಂಟಸ್ತಿಕೆಯೇ ಮತ್ತೆ ಕೂಡಿದಂತಾಯಿತು.

ಕಾವ್ಯದ ಹೊರಗೆ ಗೆದ್ದದ್ದು ವ್ರೀಹಿಗನೇ. ಮುದ್ದೆ ಉಣ್ಣುವ ಮನೆಯಲ್ಲೂ ನೆಂಟರು ಬಂದರೆ ಅನ್ನ ಮಾಡಬೇಕು. ರಾಗಿ ಬೆಳೆದವನನ್ನೂ ನಾವು ಕರೆಯುವುದು ‘ಅನ್ನದಾತ’ ಎಂದೇ. 2013ರಲ್ಲಿ ಕಿಲೋಗೆ 1 ರೂಪಾಯಿಯಂತೆ ಅಕ್ಕಿ ಕೊಟ್ಟ ‘ಅನ್ನಭಾಗ್ಯ’ ಹಸಿವು ನೀಗಿಸಿತು, ಅದನ್ನು ಹಂಗಿಸುವುದು ಹೊಟ್ಟೆ ತುಂಬಿದವರ ಮಾತು. ಬಡವರ ಪಾಲಿಗೆ ಅಕ್ಕಿಯೆಂದರೆ ರುಚಿಯ ಜೊತೆಗೆ ಪಂಕ್ತಿಯಲ್ಲಿ ಕೂರುವ ಹಕ್ಕು ಕೂಡ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಈಗ ನಗರದ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತಾಗಿ, ಮಾಲ್ಟಾಗಿ ಅಂದದ ಪೊಟ್ಟಣದೊಳಗೆ ಕೂತಿದೆ. ಉಳ್ಳವರ ಬೆನ್ನು ಹತ್ತಿದೆಯೆಂದು ವ್ರೀಹಿಗನಿಗೆ ಅಂದು ಹೊರಿಸಿದ ಆರೋಪಕ್ಕೆ ನರೆದಲೆಗ ಇಂದು ಏನು ಉತ್ತರ ಕೊಡುತ್ತಾನೋ.